ಅಪ್‌ಡೇಟ್: ಬಾಲ ನಡುಗಿಸುತ್ತಿದ್ದ ಕಾರ್ನ್ ಸ್ನೇಕ್ ಮರಿ

ಕೈ ಹಾಕಿದರೆ ಸಾಕು, ನಮ್ಮ ಕಾರ್ನ್ ಸ್ನೇಕ್ (ಅಮೆರಿಕ ಮೂಲದ, ವಿಷವಿಲ್ಲದ ಸಾಕುಹಾವು) ಮರಿ ಬಾಲ ನಡುಗಿಸಿ ಕಚ್ಚಲು ಬರುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಈಗ ಎಷ್ಟೋ ಪರವಾಗಿಲ್ಲ.

ಅದು ಸಿಟ್ಟಲ್ಲ, ಭಯ ಅಂತ ನೀವು ಹೇಳಿದ್ದು ನಿಜ. ಅಷ್ಟು ಸಣ್ಣ ಮರಿಗೆ ಮೇಲಿಂದ ಇಳಿಯುವ ಕೈ ಹದ್ದಿನ ಹಾಗೆ ಕಾಣುತ್ತದೆ. ಈಗ ಪಕ್ಕದಿಂದ ನಿಧಾನವಾಗಿ ಕೈ ತಂದು, ಹೊಟ್ಟೆಯಡಿ ಬೆರಳು ತೂರಿಸಿ ಎತ್ತುತ್ತೇನೆ. ಕುತ್ತಿಗೆ ಅಂಕುಡೊಂಕಾಗಿ ಮಡಚಿ ಹಿಂದಕ್ಕೆ ಎಳೆದುಕೊಂಡರೆ ಅಲ್ಲೇ ನಿಲ್ಲಿಸುತ್ತೇನೆ. ಮೈ ಸಡಿಲಿಸಿ, ನಿಧಾನವಾಗಿ ನಾಲಿಗೆ ಚಾಚಿ ನೋಡಲು ಶುರುಮಾಡಿದ ಮೇಲೆಯೇ ಮುಂದಿನದು.

ಎಲ್ಲಕ್ಕಿಂತ ಜಾಸ್ತಿ ಸಹಾಯವಾದದ್ದು ಅಡಿಕೆ ಹಾಳೆ. ತೊಳೆದು, ಒಣಗಿಸಿ, ಮಡಚಿ ಪೆಟ್ಟಿಗೆಯೊಳಗೆ ಇಟ್ಟೆ. ಮೈಯೆಲ್ಲ ಒತ್ತಿಕೊಂಡು ಕೂರುವಷ್ಟು ಇಕ್ಕಟ್ಟು, ಅದೇ ಅದಕ್ಕೆ ಧೈರ್ಯ. ನಮ್ಮ ತೀರ್ಥಹಳ್ಳಿ ಮಳೆಗೆ ಹಾಳೆ ಬೂಷ್ಟು ಹಿಡಿಯುತ್ತದೆ, ಆಗಾಗ ಬದಲಾಯಿಸಬೇಕು.

ಇಲಿಮರಿ ತಿಂದ ಮೇಲೆ 48 ಗಂಟೆ ಮುಟ್ಟುವುದಿಲ್ಲ. ಪೊರೆ ಬಿಡುವ ಮುಂಚೆ ಕಣ್ಣು ಮಂಜಾಗುತ್ತದೆ ಅಲ್ವಾ, ಆಗಲೂ ಸುಮ್ನೆ ಬಿಟ್ಟುಬಿಡುತ್ತೇನೆ.

ತೋಟದಲ್ಲಿ ಸಿಕ್ಕ ಕೇರೆ ಮರಿ ಸಾಕಬಹುದಾ ಅಂತ ಒಬ್ಬರು ಕೇಳಿದ್ದರು. ದಯವಿಟ್ಟು ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಇಲಿ ಹಿಡಿದುಕೊಂಡು ಅದು ತೋಟದಲ್ಲೇ ಇರಲಿ.