ಮೊಣಕೈ ಗಾಯ ವಾಸಿಯಾದ ಪಿಚರ್‌ಗೆ ಚಳಿಗಾಲದ ತಯಾರಿ ಹೇಗೆ? ಫಿಸಿಯೋ ಜೊತೆ ಪ್ರಶ್ನೋತ್ತರ

ಪ್ರಶ್ನೆ (ನ್ಯೂಜೆರ್ಸಿಯಿಂದ ಒಬ್ಬ ಅಪ್ಪ): ನಮಸ್ಕಾರ ಸರ್. ಮಗನಿಗೆ 17. ಹೈಸ್ಕೂಲ್ ಬೇಸ್‌ಬಾಲ್ ತಂಡದಲ್ಲಿ ಬಲಗೈ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು). ಮೇ ತಿಂಗಳಲ್ಲಿ ಮೊಣಕೈ ಒಳಬದಿಯ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡೋ ಪಟ್ಟಿ) ಸ್ವಲ್ಪ ಹರಿಯಿತು. ಆಪರೇಷನ್ ಬೇಡ ಅಂದರು. ಐದು ತಿಂಗಳು ಚೆಂಡು ಮುಟ್ಟಿಲ್ಲ. ಹೋದ ವಾರ ಸರ್ಜನ್ ‘ಇನ್ನು ಎಸೆಯೋಕೆ ಶುರು ಮಾಡಬಹುದು’ ಅಂದರು. ಕೋಚ್ ಈಗ ವೇಗ ಹೆಚ್ಚಿಸುವ ಕ್ಯಾಂಪ್‌ಗೆ ಸೇರಿಸಿ ಅಂತಿದ್ದಾರೆ. ಭಾರದ ಚೆಂಡು ಎಸೆಸುತ್ತಾರಂತೆ. ಮಾರ್ಚ್‌ನಲ್ಲಿ ಪ್ರಾಕ್ಟೀಸ್, ಏಪ್ರಿಲ್‌ನಲ್ಲಿ ಪಂದ್ಯ. ಇದು ಅವನ ಕೊನೇ ವರ್ಷ, ಕಾಲೇಜು ತಂಡದವರು ಆಟಗಾರರನ್ನು ನೋಡಿ ಆರಿಸೋದೂ ಈಗಲೇ. ಸೇರಿಸಲಾ?

ಉತ್ತರ: ಈ ಚಳಿಗಾಲಕ್ಕೆ ಬೇಡ ಸರ್.

ಕೋಚ್ ಸುಳ್ಳು ಹೇಳ್ತಿಲ್ಲ. ಭಾರದ ಚೆಂಡಿನಿಂದ ವೇಗ ಬರುತ್ತೆ. 2018ರಲ್ಲಿ ಹೊರಬಂದ ಒಂದು ಅಧ್ಯಯನದಲ್ಲಿ 13ರಿಂದ 18 ವರ್ಷದ ಪಿಚರ್‌ಗಳಿಗೆ ಆರು ವಾರ ಇದನ್ನೇ ಮಾಡಿಸಿದ್ದರು. ವೇಗ ಶೇ. 3ರಷ್ಟು ಏರಿತು. ಆದರೆ ಸುಮಾರು ನಾಲ್ವರಲ್ಲಿ ಒಬ್ಬನಿಗೆ ಗಾಯವಾಯಿತು. ಭಾರದ ಚೆಂಡು ಎಸೆಯದ ಗುಂಪಿನಲ್ಲಿ ಒಬ್ಬನಿಗೂ ಆಗಲಿಲ್ಲ. ಎರಡೂ ಗುಂಪಿನವರು ಗಾಯವಿಲ್ಲದ ಕೈಯಲ್ಲಿ ಶುರು ಮಾಡಿದವರು. ನಿಮ್ಮ ಮಗನದು ಈಗಷ್ಟೇ ಕೂಡಿಕೊಂಡಿರೋ ಲಿಗಮೆಂಟ್. ಬೇಸ್‌ಬಾಲ್ ಚೆಂಡು 145 ಗ್ರಾಂ ಆಸುಪಾಸು. ಅಷ್ಟನ್ನೇ ಆ ಕೈ ಇನ್ನೂ ಪೂರಾ ಜೋರಲ್ಲಿ ಎಸೆದು ನೋಡಿಲ್ಲ, ಅಲ್ವಾ?

ಇನ್ನೊಂದು ವಿಷಯ. ಸರ್ಜನ್ ಹೇಳಿದ್ದು ‘ಎಸೆಯಬಹುದು’ ಅಂತ. ‘ಪಿಚ್ ಮಾಡಬಹುದು’ (ಬ್ಯಾಟರ್‌ಗೆ ಪೂರಾ ಜೋರಲ್ಲಿ ಎಸೆಯಬಹುದು) ಅಂತ ಅಲ್ಲ. ಇವೆರಡರ ನಡುವೆ ಮೂರು ತಿಂಗಳಿಗೂ ಜಾಸ್ತಿ ಕೆಲಸ ಇದೆ. ನಿಮ್ಮ ಚಳಿಗಾಲ ಅದಕ್ಕೇ ಹೋಗುತ್ತೆ.

ನವೆಂಬರ್‌ನಲ್ಲಿ 45 ಅಡಿ ದೂರಕ್ಕೆ ಎಸೆತ. ದಿನ ಬಿಟ್ಟು ದಿನ, 25 ಎಸೆದು ಸ್ವಲ್ಪ ಕೂತು ಮತ್ತೆ 25. ಎರಡು ಸಲ ನೋವಿಲ್ಲದೆ ಮುಗಿಸಿದರೆ ಮುಂದಿನ ಮೆಟ್ಟಿಲು. ಹಾಗೇ 60, 90, 120 ಅಡಿ. ನೋವು ಬಂದರೆ ಒಂದು ಮೆಟ್ಟಿಲು ಕೆಳಗೆ. ಹೊರಗೆ ಹಿಮ ಇದ್ದರೆ ಒಳಾಂಗಣದಲ್ಲಿ ಎಸೆಯಲಿ, ತಣ್ಣಗಿರೋ ಕೈಯಲ್ಲಿ ಮಾತ್ರ ಬೇಡ. ಇದು ಸರಿಹೋದರೆ ಜನವರಿಯಲ್ಲಿ ಪಿಚರ್ ನಿಲ್ಲೋ ದಿಬ್ಬದ ಮೇಲೆ, ಪಂದ್ಯದ ದೂರವಾದ 60 ಅಡಿ 6 ಇಂಚಿನಿಂದ, ಬರೀ ಫಾಸ್ಟ್‌ಬಾಲ್ (ನೇರ ವೇಗದ ಎಸೆತ). ಕರ್ವ್, ಸ್ಲೈಡರ್‌ನಂಥ ತಿರುಗೋ ಎಸೆತ ಫೆಬ್ರವರಿ ಕೊನೆಗೆ. ಎದುರಿಗೆ ಬ್ಯಾಟರ್ ನಿಲ್ಲಿಸೋದು ಮಾರ್ಚ್‌ನಲ್ಲಿ. ಮೊದಲ ಒಂದೆರಡು ಪಂದ್ಯ ತಪ್ಪಿದರೂ ತಪ್ಪಬಹುದು. ಅದನ್ನು ಮಗನಿಗೆ ಈಗಲೇ ಹೇಳಿಬಿಡಿ, ಮಾರ್ಚ್‌ನಲ್ಲಿ ಹೇಳಿದರೆ ಜಗಳ ಆಗುತ್ತೆ.

ಪ್ರಶ್ನೆ (ಅದೇ ಅಪ್ಪ): ಅವನು ‘ಅರ್ಧ ಜೋರಲ್ಲಿ ಎಸೀತೀನಿ, ಕ್ಯಾಂಪ್‌ಗೆ ಹೋಗ್ತೀನಿ’ ಅಂತಾನೆ. ನೋವೂ ಇಲ್ಲವಂತೆ.

ಉತ್ತರ: ಅರ್ಧ ಜೋರು ಅನ್ನೋದು ಹುಡುಗರ ಲೆಕ್ಕದಲ್ಲಿ ಇಲ್ಲವೇ ಇಲ್ಲ ಸರ್. ನಾನು ಕೆಲಸ ಮಾಡೋದು ಅರಿಜೋನಾದಲ್ಲಿ. ಒಮ್ಮೆ ಗಂಟೆಗೆ 80 ಮೈಲಿ ಎಸೆಯೋ ಹುಡುಗನಿಗೆ ‘ಅರ್ಧ ಎಸಿ’ ಅಂದೆ. ರೇಡಾರ್ ಗನ್ 68 ತೋರಿಸಿತು. ‘ಇನ್ನೂ ನಿಧಾನ’ ಅಂದೆ. 66. ಅವನು ಮೋಸ ಮಾಡ್ತಿರಲಿಲ್ಲ ಪಾಪ, ಅವನ ಮನಸ್ಸಿಗೆ ನಿಜವಾಗಲೂ ಅದು ಅರ್ಧ ಅಂತಲೇ ಅನ್ನಿಸ್ತಿತ್ತು. ಅದಕ್ಕೇ ನಾನು ಶುರುವಿನಲ್ಲಿ ಜೋರನ್ನು ಕೇಳೋದೇ ಇಲ್ಲ, ದೂರವನ್ನು ಅಳೆದು ಕೊಡ್ತೀನಿ. 45 ಅಡಿಗೆ ಕಮಾನಿನ ಹಾಗೆ ಎಸಿ ಅಂದರೆ ಕೈ ತಾನಾಗೇ ನಿಧಾನ ಆಗುತ್ತೆ.

ನೋವಿನ ವಿಷಯ. ಎಸೆಯುವಾಗ ಕೇಳಬೇಡಿ, ಮರುದಿನ ಬೆಳಿಗ್ಗೆ ಕೇಳಿ. ಮುಂದೋಳಿನ ಮಾಂಸ ಬಿಗಿದಿದ್ದರೆ ಪರವಾಗಿಲ್ಲ. ಮೊಣಕೈ ಒಳಬದಿಯಲ್ಲಿ ಮೂಳೆ ಉಬ್ಬಿದೆಯಲ್ಲ, ಅದರ ಕೆಳಗೇ ಒಂದು ಬೆರಳು ಒತ್ತಿ ನೋಡಿ. ಅಲ್ಲಿ ನೋವಿದ್ದರೆ ಎಸೆತ ನಿಲ್ಲಿಸಿ. ಉಂಗುರದ ಬೆರಳು, ಕಿರುಬೆರಳು ಜುಮ್ ಅಂದರೆ ಕಾಯದೆ ಸರ್ಜನ್‌ಗೆ ಫೋನ್ ಮಾಡಿ.

ಪ್ರಶ್ನೆ (ಆಸ್ಟಿನ್‌ನಿಂದ): ಮೇಜರ್ ಲೀಗ್ (ಅಮೆರಿಕದ ವೃತ್ತಿಪರ ಬೇಸ್‌ಬಾಲ್) ಆಟಗಾರ ಬ್ರೈಸ್ ಹಾರ್ಪರ್ ಮೊಣಕೈ ಆಪರೇಷನ್ ಆಗಿ 160 ದಿನಕ್ಕೇ ಮೈದಾನಕ್ಕೆ ಬಂದರಲ್ಲ? ಹುಡುಗರಿಗೆ ಮಾತ್ರ ಯಾಕಿಷ್ಟು ನಿಧಾನ?

ಉತ್ತರ: ಹಾರ್ಪರ್ ಬಂದಿದ್ದು ಬ್ಯಾಟ್ ಹಿಡಿದು, ಚೆಂಡು ಹಿಡಿದಲ್ಲ. 2022ರ ನವೆಂಬರ್‌ನಲ್ಲಿ ಟಾಮಿ ಜಾನ್ ಆಪರೇಷನ್ (ಹರಿದ ಲಿಗಮೆಂಟ್ ಜಾಗಕ್ಕೆ ಸ್ನಾಯುರಜ್ಜು ಹೊಲಿಯೋದು), 2023ರ ಮೇ 2ಕ್ಕೆ ವಾಪಸ್. ಬರೀ ಬ್ಯಾಟಿಂಗ್, ಎಸೆಯೋ ಕೆಲಸವೇ ಇಲ್ಲ. ಬ್ಯಾಟಿಂಗ್, ಪಿಚಿಂಗ್ ಎರಡೂ ಮಾಡೋ ಓಟಾನಿಯದೂ ಅದೇ ಕಥೆ. 2023ರ ಸೆಪ್ಟೆಂಬರ್‌ನಲ್ಲಿ ಮೊಣಕೈ ಆಪರೇಷನ್. 2024ರಲ್ಲಿ 54 ಹೋಮ್ ರನ್ ಹೊಡೆದರು, ಪಿಚಿಂಗ್ ಸೊನ್ನೆ. ದಿಬ್ಬಕ್ಕೆ ಮರಳಿದ್ದು 2025ರ ಜೂನ್‌ನಲ್ಲಿ. ಒಂದೇ ಮನುಷ್ಯ, ಒಂದೇ ಮೊಣಕೈ, ಎರಡು ಕ್ಯಾಲೆಂಡರ್. ಪಿಚ್ ಮಾಡುವಾಗ ಭುಜ ತಿರುಗೋ ವೇಗ ಸೆಕೆಂಡಿಗೆ ಸುಮಾರು 7000 ಡಿಗ್ರಿ. ಆ ವೇಗಕ್ಕೆ ಮೊಣಕೈ ಮೇಲೆ ಬೀಳೋ ಎಳೆತ ತಡೆಯೋದು ಹೆಚ್ಚಾಗಿ ಇದೇ ಸಣ್ಣ ಲಿಗಮೆಂಟ್.

ಕಾದವರ ಉದಾಹರಣೆ ಬೇಕಾದರೆ ಮೇಜರ್ ಲೀಗ್ ಪಿಚರ್ ವರ್ಲ್ಯಾಂಡರ್ ಇದ್ದಾರೆ. 2020ರಲ್ಲಿ ಆಪರೇಷನ್, 2021 ಪೂರ್ತಿ ಆಡಲಿಲ್ಲ. 2022ರಲ್ಲಿ, 39ರ ವಯಸ್ಸಿನಲ್ಲಿ, 18 ಗೆಲುವು, ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಬಿಟ್ಟುಕೊಟ್ಟ ರನ್) 1.75, ಶ್ರೇಷ್ಠ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ. ಆ ಆಪರೇಷನ್‌ಗೆ ಹೆಸರು ಕೊಟ್ಟ ಪಿಚರ್ ಟಾಮಿ ಜಾನ್ ಅವರೇ 1974ರಲ್ಲಿ ಆಪರೇಷನ್ ಮಾಡಿಸಿಕೊಂಡು 1976ರಲ್ಲಿ ವಾಪಸ್ ಬಂದವರು. ಆಮೇಲೆ 164 ಪಂದ್ಯ ಗೆದ್ದರು. (ಅವರ ಬಲಗೈಯ ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಹೊಲಿದಿದ್ದು. ಹೆಬ್ಬೆರಳು, ಕಿರುಬೆರಳು ಸೇರಿಸಿ ಮಣಿಕಟ್ಟು ಒಳಕ್ಕೆ ಬಗ್ಗಿಸಿ. ನಡುವೆ ಹುರಿ ಥರ ಎದ್ದು ಕಾಣುತ್ತಲ್ಲ, ಅದೇ. ಕೆಲವರಿಗೆ ಹುಟ್ಟಿನಿಂದಲೇ ಅದು ಇರೋದಿಲ್ಲ, ಗಾಬರಿ ಬೇಡ!)

ಪ್ರಶ್ನೆ (ಮಿಚಿಗನ್‌ನಿಂದ ಒಬ್ಬ ಅಮ್ಮ): ನಮ್ಮ ಮನೆಯಲ್ಲೂ ಒಬ್ಬ ಪಿಚರ್ ಇದ್ದಾನೆ. ನಾವು ಸಸ್ಯಾಹಾರಿಗಳು. ಪ್ರೋಟೀನ್ ಪೌಡರ್ ಬೇಕೇ ಬೇಕು ಅಂತ ಹಟ. ಜಿಮ್‌ನಲ್ಲಿ ಬರೀ ತೋಳು ಮಾಡ್ತಾನೆ.

ಉತ್ತರ: ಮೊದಲು ಜಿಮ್ ವಿಷಯ ಮೇಡಂ. ತೋಳು ಕನ್ನಡಿಗೆ ಒಳ್ಳೇದು. ಪಿಚ್‌ನ ಬಲ ಹುಟ್ಟೋದು ಕಾಲು, ಸೊಂಟದಲ್ಲಿ. ಸ್ಕ್ವಾಟ್, ಡೆಡ್‌ಲಿಫ್ಟ್, ಒಂಟಿ ಕಾಲಿನ ವ್ಯಾಯಾಮ ಮಾಡಿಸಿ. ತೋಳಿಗೆ ರಬ್ಬರ್ ಬ್ಯಾಂಡ್, ಒಂದು ಕಿಲೋ ಡಂಬೆಲ್ ಸಾಕು. ಭುಜದ ಹಿಂಭಾಗದ ಸಣ್ಣ ಸ್ನಾಯುಗಳಿಗೆ ಅದೇ ಜಾಸ್ತಿ.

ಊಟ: ಒಂದು ಕಿಲೋ ತೂಕಕ್ಕೆ ದಿನಕ್ಕೆ 1.6 ಗ್ರಾಂ ಪ್ರೋಟೀನ್ ಲೆಕ್ಕ ಹಾಕಿ. 70 ಕಿಲೋ ಹುಡುಗನಿಗೆ 112 ಗ್ರಾಂ. ಅನ್ನ-ಸಾರಲ್ಲಿ ಅಷ್ಟು ಬರೋದಿಲ್ಲ. ಮೂರು ಹೊತ್ತೂ ಕಾಳು, ಪನೀರ್, ಗಟ್ಟಿ ಮೊಸರು, ಸೋಯಾ ಇದರಲ್ಲಿ ಒಂದೆರಡು ಇರಲಿ. ಆಮೇಲೂ ಕಮ್ಮಿ ಬಿದ್ದರೆ ಒಂದು ಸ್ಕೂಪ್ ಪೌಡರ್ ತಪ್ಪಲ್ಲ, ಹಟ ಗೆಲ್ಲಲಿ ಬಿಡಿ.

ಪ್ರಶ್ನೆ (ಬೆಂಗಳೂರಿನಿಂದ): ಕ್ರಿಕೆಟ್ ಫಾಸ್ಟ್ ಬೌಲರ್‌ಗಳಿಗೂ ಇದೇ ವಿಧಾನನಾ?

ಉತ್ತರ: ಮೆಟ್ಟಿಲು ಹತ್ತೋ ವಿಧಾನ ಒಂದೇ, ಕೆಡೋ ಜಾಗ ಬೇರೆ. ಬೌಲರ್ ಮೊಣಕೈಯನ್ನು 15 ಡಿಗ್ರಿಗಿಂತ ಜಾಸ್ತಿ ನೇರ ಮಾಡೋ ಹಾಗಿಲ್ಲ. ಅಲ್ಲಿ ಹೊರೆ ಹೆಚ್ಚಾಗಿ ಬೆನ್ನಿಗೆ ಬೀಳುತ್ತೆ. ಬುಮ್ರಾಗೆ 2023ರಲ್ಲಿ ಆಪರೇಷನ್ ಆಗಿದ್ದು ಬೆನ್ನಿಗೆ.

ಪ್ರಶ್ನೆ (ನ್ಯೂಜೆರ್ಸಿಯ ಅಪ್ಪ): ಕ್ಯಾಂಪ್ ಬೇಡ ಅಂತ ಕೋಚ್‌ಗೆ ಹೇಳಿದೆ, ಸ್ವಲ್ಪ ಮುನಿಸು. ಮಗ 45 ಅಡಿ ಶುರು ಮಾಡಿದ್ದಾನೆ. ‘ಅಜ್ಜಿ ಥರ ಎಸೆಯೋದು’ ಅಂತ ಗೊಣಗಾಟ. ಸೀಸನ್‌ನಲ್ಲಿ ಎಷ್ಟು ಪಿಚ್ ಎಸೆಯಬಹುದು?

ಉತ್ತರ: ಗೊಣಗಲಿ, ಒಳ್ಳೇ ಲಕ್ಷಣ. 17-18ರ ಹುಡುಗರಿಗೆ ಮೇಜರ್ ಲೀಗ್‌ನ ‘ಪಿಚ್ ಸ್ಮಾರ್ಟ್’ ಮಾರ್ಗಸೂಚಿ ದಿನಕ್ಕೆ ಹೆಚ್ಚೆಂದರೆ 105 ಎಸೆತ ಅನ್ನುತ್ತೆ. 80 ದಾಟಿದರೆ ನಾಲ್ಕು ದಿನ ರಜೆ. ನಿಮ್ಮವನು ಮೊದಲ ಪಂದ್ಯದಲ್ಲಿ 30 ಎಸೆತಕ್ಕೇ ದಿಬ್ಬ ಬಿಟ್ಟು ಇಳಿಯಲಿ, ಚೆನ್ನಾಗಿ ಎಸೆಯುತ್ತಿದ್ದರೂ ಸರಿಯೇ. ಆ 30ನ್ನು ಕೋಚ್ ಹತ್ತಿರ ಈಗಲೇ ಮಾತಾಡಿ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಪಂದ್ಯದ ಬಿಸಿಯಲ್ಲಿ ಬಾಯಿಮಾತು ಯಾರಿಗೂ ನೆನಪಿರಲ್ಲ.

ದಿಬ್ಬಕ್ಕೆ ಹೋದ ಮೇಲೆ ಒಂದು ವಿಡಿಯೋ ಕಳಿಸಿ. ಪಕ್ಕದಿಂದ ತೆಗೆದದ್ದು ಇರಲಿ, ಬೇಲಿ ಹಿಂದಿನಿಂದ ತೆಗೆದರೆ ಮೊಣಕೈ ಕಾಣಲ್ಲ.