ಹೊಟ್ಟೆಯ ಮಹಾಪಧಮನಿ 4.1ರಿಂದ 4.5 ಸೆಂ.ಮೀ.: ಇಷ್ಟು ಬೇಗ ಬೆಳೆಯುತ್ತದೆಯೇ?

ಭದ್ರಾತೀರ:
ಅಪ್ಪನಿಗೆ 69 ವರ್ಷ. ನಲವತ್ತು ವರ್ಷ ಬೀಡಿ ಸೇದಿದವರು. ಮಾರ್ಚಿನಲ್ಲಿ ಮೂತ್ರಪಿಂಡದ ಕಲ್ಲಿಗೆಂದು ಸ್ಕ್ಯಾನಿಂಗ್ ಮಾಡಿಸಿದಾಗ ಹೊಟ್ಟೆಯ ಮಹಾಪಧಮನಿ (ಹೃದಯದಿಂದ ಇಳಿದು ಬರುವ ದೊಡ್ಡ ರಕ್ತನಾಳ) ಉಬ್ಬಿದೆ, 4.1 ಸೆಂ.ಮೀ. ಎಂದರು. ಕಳೆದ ವಾರ ಬೇರೊಂದು ಕೇಂದ್ರದಲ್ಲಿ 4.5 ಬಂತು. ಅಮ್ಮನಿಗೆ ನಿದ್ದೆಯಿಲ್ಲ. ಕೂಡಲೇ ಶಸ್ತ್ರಚಿಕಿತ್ಸೆ ಬೇಕೇ?

ನಿವೃತ್ತ ಮೇಷ್ಟರು:
ನನ್ನ ಅನ್ಯೂರಿಸಂ, ಅಂದರೆ ನಾಳದ ಇಂಥದೇ ಉಬ್ಬು, ಕೂಡ ಬೇರೇನನ್ನೋ ಹುಡುಕುವಾಗಲೇ ಸಿಕ್ಕಿತು. ಆರು ವರ್ಷಗಳಿಂದ ಅದನ್ನು ಹೊತ್ತುಕೊಂಡೇ ಓಡಾಡುತ್ತಿದ್ದೇನೆ, ಅಮ್ಮನಿಗೆ ಹೇಳಿ.

ಮೊದಲು ಎರಡೂ ಕೇಂದ್ರಗಳಲ್ಲಿ ಒಂದು ಮಾತು ಕೇಳಿ: ಅಳೆದದ್ದು ನಾಳದ ಹೊರಗೋಡೆಯಿಂದ ಹೊರಗೋಡೆಗೋ, ಒಳಗೋಡೆಯಿಂದ ಒಳಗೋಡೆಗೋ? ಅಷ್ಟರಿಂದಲೇ ಮೂರು ನಾಲ್ಕು ಮಿಲಿಮೀಟರ್ ಹೆಚ್ಚುಕಡಿಮೆಯಾಗುತ್ತದೆ. ನನಗೂ ಒಮ್ಮೆ 4.3 ಇದ್ದದ್ದು ಒಮ್ಮೆಗೇ 4.8 ಆಗಿತ್ತು. ಹಳೆಯ ಕೇಂದ್ರಕ್ಕೇ ಹೋದೆ. ವೈದ್ಯೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕಪ್ಪು ವೃತ್ತದ ಅಂಚಿನಲ್ಲಿ ಎರಡು ಪುಟ್ಟ ಕೂಡಿಸುವ ಚಿಹ್ನೆಗಳು. ಒಂದನ್ನು ಕೂದಲೆಳೆಯಷ್ಟು ಸರಿಸಿದರೆ ಅಂಕಿಯೇ ಬದಲಾಯಿತು! ನಾಳ ಓರೆಯಾಗಿರುವ ಕಡೆ ನೇರವಾಗಿ ಅಡ್ಡಕ್ಕೆ ಅಳೆಯದಿದ್ದರೆ ಇನ್ನೂ ದಪ್ಪ ಕಾಣುತ್ತದೆ ಎಂದೂ ತೋರಿಸಿದರು. ಅಂದು ಬಂದದ್ದು 4.4. ಅಂದಿನಿಂದ ಒಂದೇ ಕಡೆ, ಖಾಲಿ ಹೊಟ್ಟೆಯಲ್ಲಿ ಮಾಡಿಸುತ್ತೇನೆ. ತಿಂಡಿ ತಿಂದು ಹೋದರೆ ಕರುಳಿನ ಗಾಳಿ ನಾಳವನ್ನು ಮರೆಮಾಡುತ್ತದೆ.

ಈ ನಾಳ ಸಾಮಾನ್ಯವಾಗಿ 2 ಸೆಂ.ಮೀ. ಆಸುಪಾಸು, 3 ಮುಟ್ಟಿದರೆ ಅನ್ಯೂರಿಸಂ. ಗಂಡಸರಿಗೆ 5.5, ಹೆಂಗಸರಿಗೆ 5 ಆದಾಗ, ಇಲ್ಲವೇ ವರ್ಷಕ್ಕೆ 1 ಸೆಂ.ಮೀ. ಬೆಳೆದಾಗ ಶಸ್ತ್ರಚಿಕಿತ್ಸೆಯ ಮಾತು. ಬ್ರಿಟನ್ನಿನಲ್ಲಿ 4.5 ದಾಟಿದವರನ್ನು ಮೂರು ತಿಂಗಳಿಗೊಮ್ಮೆ ನೋಡುತ್ತಾರೆ; ನನಗೆ ಹೇಳಿರುವುದು ಆರು ತಿಂಗಳು. ನಿಮ್ಮ ರಕ್ತನಾಳ ತಜ್ಞರು ಹೇಳಿದಂತೆ ನಡೆಯಿರಿ. ಬೀಡಿಯನ್ನು ಮಾತ್ರ ಇಂದೇ ಬಿಡಿಸಿ. ಅದರಿಂದ ಉಬ್ಬು ಇನ್ನೂ ಬೇಗ ಬೆಳೆಯುತ್ತದೆ.

ಶುಶ್ರೂಷಕಿ, ರಕ್ತನಾಳ ವಿಭಾಗ:
ಮೇಷ್ಟರ ಮಾತು ಸರಿ. ಆದರೆ ಹೊಟ್ಟೆಯಲ್ಲೋ ಬೆನ್ನಿನಲ್ಲೋ ಹಠಾತ್ತನೆ ಜೋರು ನೋವು ಬಂದು ತಲೆಸುತ್ತಿ ಬೆವರಿದರೆ ಮುಂದಿನ ಸ್ಕ್ಯಾನಿಂಗಿಗೆ ಕಾಯಬೇಡಿ, ಆ ಗಳಿಗೆಯೇ 108ಕ್ಕೆ ಕರೆ ಮಾಡಿ. ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡಿ. ನಿಮ್ಮ ತಂದೆಯ ಒಡಹುಟ್ಟಿದವರಿಗೂ ಒಮ್ಮೆ ಸ್ಕ್ಯಾನಿಂಗ್ ಆಗಲಿ, ಇದು ಕುಟುಂಬದಲ್ಲಿ ಹರಿದು ಬರುವುದುಂಟು.

ಭದ್ರಾತೀರ:
ಕೇಳಿದೆ. ಮಾರ್ಚಿನದು ಒಳಗೋಡೆಯ ಅಳತೆ, ಈಗಿನದು ಹೊರಗೋಡೆಯದು! ಎರಡೂ ವರದಿ ಹಿಡಿದು ಗುರುವಾರ ತಜ್ಞರ ಬಳಿ ಹೋಗುತ್ತೇವೆ. ಚಿಕ್ಕಪ್ಪನೂ ಜೊತೆಗೆ ಬರುತ್ತಾರೆ.