ಫ್ಲಾನಗನ್ ಕೈಚೆಲ್ಲಿ ಕೂತನಾ? – ಇ.ಸಿ. 94 ಬ್ಯಾಚ್ ಗುಂಪಿನ ಭಾನುವಾರದ ಜಗಳ

[9:04] ರಾಘು (ಫಾರ್ವರ್ಡ್ ಆಗಿದ್ದು): ಜಾನ್ ಕೋಲ್ಟ್ರೇನ್ (1926–1967), ಜಾಝ್ ಸ್ಯಾಕ್ಸೊಫೋನಿನ ಸಂತ! ಕೇಳಲೇಬೇಕಾದ 5 ರೆಕಾರ್ಡ್, ಇದೇ ಕ್ರಮದಲ್ಲಿ:
1. ಜೈಂಟ್ ಸ್ಟೆಪ್ಸ್ – ಯಾವ ತಯಾರಿಯೂ ಇಲ್ಲದೆ ಸ್ಟುಡಿಯೋದಲ್ಲೇ ಹುಟ್ಟಿದ ಪವಾಡ. ಪಿಯಾನೋದ ಟಾಮಿ ಫ್ಲಾನಗನ್ ಕೈಚೆಲ್ಲಿ ಕೂತ!
2. ಎ ಲವ್ ಸುಪ್ರೀಮ್ – ಒಂದೇ ಸಂಜೆ ಮುಗಿದ ದೈವೀ ಸೃಷ್ಟಿ.
3. ಕೈಂಡ್ ಆಫ್ ಬ್ಲೂ – ಕೋಲ್ಟ್ರೇನ್‌ನ ಅತಿ ಜನಪ್ರಿಯ ಆಲ್ಬಂ.
4. ಇಂಡಿಯಾ – ಸಿತಾರ್ ಜೊತೆ ಜುಗಲ್‌ಬಂದಿ.
5. ಅಸೆನ್ಷನ್.
10 ಜನರಿಗೆ ಕಳಿಸಿ.

[9:11] ಬಸವರಾಜ: ಯಾವಾಂವ ಬರದಾನಲೇ ಇದನ್ನ? ಐದು ನಂಬರಿನ್ಯಾಗ ಒಂದರ ಬಗ್ಗೆ ಏನೂ ಬರದಿಲ್ಲ, ಅದೊಂದ ಸರಿ ಐತಿ.

[9:12] ರಾಘು: ನಾನ್ ಬರ್ದಿದ್ದಲ್ಲ ಗುರು. ಆದ್ರೆ ಫ್ಲಾನಗನ್ ವಿಷಯ ನಿಜ ತಾನೇ? ಮೂರನೇ ನಿಮಿಷದ ಹೊತ್ತಿಗೆ ಪಿಯಾನೋ ಸೋಲೋ (ಒಬ್ಬನೇ ಮುಂದಾಗಿ ನುಡಿಸೋ ಭಾಗ) ಬರತ್ತೆ. ಶುರುನಲ್ಲಿ ಬಲಗೈ ನೆಟ್ಟಗೆ ಓಡತ್ತೆ, ಆಮೇಲೆ ಮಧ್ಯೆ ಮಧ್ಯೆ ಖಾಲಿ, ಕೊನೆಗೆ ಬರೀ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಚ್ಛ) ಒತ್ಕೊಂಡು ದಡ ಸೇರ್ತಾನೆ. ಕಿವಿ ಇರೋ ಯಾರಿಗಾದ್ರೂ ಗೊತ್ತಾಗತ್ತೆ.

[9:16] ಬಸವರಾಜ: ದಡ ಸೇರ್ತಾನ ಅಂತ ನೀನ ಹೇಳಿದಿ. ನಾಕು ಸುತ್ತು (ಹಾಡಿನ ಕಾರ್ಡ್ ಸಾಲು ಪೂರ್ತಿ ನಾಕು ಸಲ) ಬಾರಸ್ಯಾನ, ಸುತ್ತಿನ ಲೆಕ್ಕ ಬಿಟ್ಟಿಲ್ಲ. ಕೈಚೆಲ್ಲಿ ಕೂಡೂದು ಬ್ಯಾರೆ, ಓಡೂದು ಆಗಲಿಲ್ಲಂತ ನಡಕೋತ ಬರೂದು ಬ್ಯಾರೆ. ಕೋಲ್ಟ್ರೇನ್ ಆ ಕಾರ್ಡ್ ಸಾಲು ಅಂವಗ ಮೊದಲ ತೋರಿಸಿದ್ದ. ಆದರ ಇಷ್ಟು ಜೋರಿನ್ಯಾಗ ಇರತೈತಿ ಅಂತ ಗೊತ್ತಿರಲಿಲ್ಲ ಅಂತ ಫ್ಲಾನಗನ್‌ನ ಹೇಳ್ಯಾನ.

[9:18] ರಾಘು: ಅದೇ ಕಾರ್ಡ್, ಸ್ವಲ್ಪ ಸ್ಪೀಡು. ಅಷ್ಟು ದೊಡ್ಡ ಪಿಯಾನಿಸ್ಟ್‌ಗೆ ಅದೇನ್ ಕಷ್ಟ?

[9:29] ವಿದ್ಯಾ: ಸ್ವಲ್ಪ ಅಲ್ಲ ರಾಘು. ಲೆಕ್ಕ ಹಾಕಿ ನೋಡು. ಒಂದು ಸುತ್ತಿಗೆ 16 ಬಾರ್ (ನಾಲ್ಕು ಬೀಟಿಗೊಂದು ಬಾರ್), ಅದರಲ್ಲಿ 26 ಕಾರ್ಡ್. ವೇಗ ನಿಮಿಷಕ್ಕೆ ಸುಮಾರು 290 ಬೀಟ್. ಅಂದ್ರೆ ಇಡೀ ಸುತ್ತು 13 ಸೆಕೆಂಡಿನಲ್ಲಿ ಮುಗಿಯುತ್ತೆ. ಎರಡು ಬೀಟಿಗೊಂದು ಕಾರ್ಡ್ ಬರೋ ಕಡೆ ಒಂದೊಂದಕ್ಕೆ ಸಿಗೋದು 0.4 ಸೆಕೆಂಡ್.
ಅದಕ್ಕಿಂತ ದೊಡ್ಡ ತೊಂದರೆ, ಷಡ್ಜ ನಿಂತ ಕಡೆ ನಿಲ್ಲೋದಿಲ್ಲ. ಪಾಶ್ಚಾತ್ಯ ಸ್ವರದ ಹೆಸರಲ್ಲಿ ಹೇಳಿದ್ರೆ ಮೊದಲು ಬಿ, ಅಲ್ಲಿಂದ ಜಿ, ಅಲ್ಲಿಂದ ಇ ಫ್ಲಾಟ್. ಪ್ರತಿ ಸಲ ನಾಲ್ಕು ಸ್ವರಸ್ಥಾನ ಕೆಳಗೆ, ಅಂದ್ರೆ ಒಂದು ಅಂತರ ಗಾಂಧಾರದಷ್ಟು. ಮೂರು ಹೆಜ್ಜೆ, ತಲಾ ನಾಲ್ಕು, ಒಟ್ಟು ಹನ್ನೆರಡು, ಮತ್ತೆ ಬಿ. ತಂಬೂರಿ ಹಾಕ್ಕೊಂಡು ಕೂತ್ರೆ ಮೊದಲ ಬಾರ್ ದಾಟೋ ಹೊತ್ತಿಗೆ ತಂಬೂರಿನೇ ಅಪಸ್ವರ. ಗ್ರಹಭೇದ ಮಾಡೋರು ಒಂದು ರಾಗದೊಳಗೆ ನಿಧಾನಕ್ಕೆ ಷಡ್ಜ ಸರಿಸ್ತಾರೆ, ಕೇಳೋರಿಗೆ ಸುಳಿವು ಕೊಟ್ಟು. ಇಲ್ಲಿ ಮೊದಲ ಮೂರು ಬಾರಿನೊಳಗೇ ಮೂರೂ ಷಡ್ಜ ಬಂದು ಹೋಗಿರುತ್ತೆ.

[9:33] ರಾಘು: ಹಾಗಿದ್ರೆ ಕೋಲ್ಟ್ರೇನ್ ಹೇಗ್ ನುಡಿಸ್ದ? ಅವನಿಗೂ ಅದೇ 0.4 ಸೆಕೆಂಡ್ ತಾನೇ?

[9:41] ವಿದ್ಯಾ: ಅವನ ಕೈಯಲ್ಲಿ ಕಟ್ಟಿಟ್ಟ ತುಣುಕುಗಳಿದ್ವು. ಸೋಲೋ ನಿಧಾನ ಮಾಡಿ ಕೇಳು, ಮತ್ತೆ ಮತ್ತೆ ಸಿಗೋದು ‘ಸ ರಿ ಗ ಪ’, ಮೋಹನದ ಮೊದಲ ನಾಲ್ಕು ಸ್ವರ. ಎರಡು ಬೀಟಿಗೆ ನಾಲ್ಕು ಸ್ವರ ಸರಿಯಾಗಿ ಕೂರುತ್ತೆ. ಷಡ್ಜ ಬದಲಾದ ಕೂಡಲೇ ಅದೇ ಸರಿಗಪ ಹೊಸ ಜಾಗದಿಂದ. ಪಿಯಾನೋಗಿಂತ ಮುಂಚೆ ಅವನು ನುಡಿಸೋ 11 ಸುತ್ತಿನಲ್ಲಿ ಇದು ಎಷ್ಟು ಸಲ ಬರುತ್ತೆ ಅಂತ ಎಣಿಸಿದ್ರೆ ‘ತಯಾರಿಯೇ ಇಲ್ಲದ ಪವಾಡ’ ಅನ್ನೋ ಮಾತು ಅಲ್ಲಿಗೇ ಮುಗೀತು.
ಇದನ್ನ ಅಭ್ಯಾಸ ಮಾಡೋರು ಜಾರೋದೂ ಒಂದೇ ಜಾಗದಲ್ಲಿ. ಕಾರ್ಡ್‌ಗಳನ್ನ ಬಿಡಿಬಿಡಿಯಾಗಿ ಕಲೀತಾರೆ, ಬಿ ಬೇರೆ, ಜಿ ಬೇರೆ. ಕೈ ಎಡವೋದು ಅಲ್ಲಲ್ಲ, ನಡುವಿನ ಕಾರ್ಡ್ ಡಿ ಸೆವೆನ್‌ನಲ್ಲಿ. ಅದು ಬರಲಿರೋ ಹೊಸ ಷಡ್ಜದ ಪಂಚಮ, ಅಂದ್ರೆ ಬಾಗಿಲು. ಮೆಟ್ರೊನೋಮ್ (ಬೀಟ್ ಹೊಡೆಯೋ ಯಂತ್ರ) 80ಕ್ಕಿಟ್ಟು ‘ಡಿ ಸೆವೆನ್–ಜಿ’, ‘ಬಿ ಫ್ಲಾಟ್ ಸೆವೆನ್–ಇ ಫ್ಲಾಟ್’, ‘ಎಫ್ ಶಾರ್ಪ್ ಸೆವೆನ್–ಬಿ’ ಅಂತ ಜೋಡಿಜೋಡಿಯಾಗಿ ಕೂರಿಸ್ಕೋಬೇಕು. ಮೂರು ಜೋಡಿ ಬಂದ್ರೆ ಮುಕ್ಕಾಲು ಭಾಗ ಬಂದ ಹಾಗೆ.

[9:47] ಸುಮನಾ: ವಿದ್ಯಾ ಹೇಳಿದ್ದಕ್ಕೆ ಸಾಕ್ಷಿ ರೆಕಾರ್ಡಿನಲ್ಲೇ ಉಂಟು. ಆಲ್ಬಂನ ಜೈಂಟ್ ಸ್ಟೆಪ್ಸ್ ಅಟ್ಲಾಂಟಿಕ್ ಕಂಪನಿಗೆ ನುಡಿಸಿದ್ದು 1959ರ ಮೇ ತಿಂಗಳ ಮೊದಲ ವಾರ. ಅದಕ್ಕಿಂತ ಮುಂಚೆಯೇ ಅದೇ ಹಾಡನ್ನ ಬೇರೆ ತಂಡ ಕಟ್ಟಿ ಒಮ್ಮೆ ಪ್ರಯತ್ನಿಸಿ ಬಿಟ್ಟಿದ್ದ ಮಾರಾಯ. ಪಿಯಾನೋಗೆ ಸೀಡರ್ ವಾಲ್ಟನ್, ಡ್ರಮ್ಮಿಗೆ ಲೆಕ್ಸ್ ಹಂಫ್ರೀಸ್. ಆ ಟೇಕ್‌ಗಳು (ಒಂದೊಂದು ಸಲ ನುಡಿಸಿದ ರೆಕಾರ್ಡಿಂಗ್) 1970ರ ದಶಕದಲ್ಲಿ ಹೊರಗೆ ಬಂದವು. ಅದರಲ್ಲಿ ವೇಗ ಕಡಿಮೆ, ಆದ್ರೂ ವಾಲ್ಟನ್ ಸೋಲೋ ತಗೊಳ್ಳುವುದೇ ಇಲ್ಲ, ಹಿಂದಿನಿಂದ ಕಾರ್ಡ್ ಕೊಟ್ಟು ಸುಮ್ಮನಾಗ್ತಾನೆ. ಈಗ ಹೇಳು, ಕೈಚೆಲ್ಲಿದ್ದು ಯಾರು?

[9:49] ಬಸವರಾಜ: ನೋಡಪಾ! ವಾಲ್ಟನ್‌ಗ ಯಾರೂ ಏನೂ ಅನ್ನೂದಿಲ್ಲ, ಯಾಕಂದ್ರ ಅಂವ ಆಡಲೇ ಇಲ್ಲ. ಆಡಿದಾಂವಗ 60 ವರ್ಷ ಬೈಗಳ. ಕೋಲ್ಟ್ರೇನ್ ತಿಂಗಳಗಟ್ಟಲೆ ಇದನ್ನ ತಿಕ್ಕಿದ್ದ, ಸ್ಲೊನಿಮ್ಸ್ಕಿಯ ಸ್ವರವಿನ್ಯಾಸದ ಪುಸ್ತಕ ಇಟಗೊಂಡು. ಇನ್ನೊಬ್ಬಾಂವಗ ಸ್ಟುಡಿಯೋದಾಗ ಕೂಡ್ರಿಸಿ ಬಾರಸು ಅಂದ್ರ ಅದು ನ್ಯಾಯ ಅಲ್ಲ. ತಪ್ಪು ಯಾರದರ ಇದ್ರ ಕೋಲ್ಟ್ರೇನಂದು.

[9:52] ರಾಘು: ಅದು ಅತಿಯಾಯ್ತು. ಅದೇ ಹಾಡಿಗೆ ಪಾಲ್ ಚೇಂಬರ್ಸ್ ಬೇಸ್ (ಮಂದ್ರ ಸ್ವರದ ತಂತಿವಾದ್ಯ) ನುಡಿಸ್ದ, ಅವನೇನೂ ತಪ್ಪಲಿಲ್ಲ.

[9:54] ವಿದ್ಯಾ: ಬೇಸಿಗೆ ಕಾರ್ಡಿನ ಬುಡದ ಸ್ವರಗಳನ್ನ ಹಿಡಿದು ನಡೆಯೋ ಕೆಲಸ. ಅದೂ ಸುಲಭ ಅಲ್ಲ, ಆದ್ರೆ ಹೊಸ ಸಾಲು ಹುಟ್ಟಿಸಬೇಕಿಲ್ಲ. ಹೋಲಿಕೆ ಸರಿ ಬರಲ್ಲ.

[9:58] ಇಮ್ರಾನ್: ಪಾಲ್ ಚೇಂಬರ್ಸ್ ಹೆಸರು ಬಂದಿದ್ದಕ್ಕೆ ಹೇಳ್ತೀನಿ, ಅವನು ಕೈಂಡ್ ಆಫ್ ಬ್ಲೂನಲ್ಲೂ ಇದಾನೆ. ಅದರ ಎರಡನೇ ಸೆಷನ್ 1959ರ ಏಪ್ರಿಲ್ 22. ಜೈಂಟ್ ಸ್ಟೆಪ್ಸ್ ಸೆಷನ್ ಶುರುವಾಗಿದ್ದು ಮೇ 4. ಹನ್ನೆರಡೇ ದಿನ! ಅದೇ ಆಲ್ಬಂಗೆ ಮಾರ್ಚ್ 2ರಂದು ನುಡಿಸಿದ್ದ ‘ಸೋ ವಾಟ್’ನಲ್ಲಿ 16 ಬಾರ್ ಒಂದೇ ಸ್ವರಶ್ರೇಣಿ, 8 ಬಾರ್ ಅರ್ಧ ಸ್ವರ ಮೇಲೆ, ಮತ್ತೆ 8 ಬಾರ್ ವಾಪಸ್. ಇಲ್ಲಿ ಅರ್ಧ ಸೆಕೆಂಡಿಗೊಂದು ಕಾರ್ಡ್. ಎರಡು ತಿಂಗಳ ಆಸುಪಾಸಿನಲ್ಲಿ ಆ ಎರಡು ತುದಿನೂ ನುಡಿಸಿದ ಮನುಷ್ಯ ಇವನು. ಫಾರ್ವರ್ಡ್ ಬರೆದೋನು ಅದನ್ನ ಬಿಟ್ಟು ಸಂತ, ಪವಾಡ ಅಂತ ಹೋಗಿದಾನೆ.
ಅಂದಹಾಗೆ ಕೈಂಡ್ ಆಫ್ ಬ್ಲೂ ಮೈಲ್ಸ್ ಡೇವಿಸ್ ಆಲ್ಬಂ, ಕೋಲ್ಟ್ರೇನಂದಲ್ಲ. ಅವನು ತಂಡದವರಲ್ಲಿ ಒಬ್ಬ.

[10:01] ವಿದ್ಯಾ: ಸೋ ವಾಟ್‌ನ ಆ ಶ್ರೇಣಿ ನಮ್ಮ ಖರಹರಪ್ರಿಯದ ಸ್ವರಗಳೇ. ಹೊಸದಾಗಿ ಕೇಳೋ ನಮ್ಮೋರಿಗೆ ಅದು ಬೇಗ ಹತ್ರ ಆಗೋದು ಅದಕ್ಕೇ ಇರಬಹುದು. ಜೈಂಟ್ ಸ್ಟೆಪ್ಸ್ ಮೊದಲು ಕೊಟ್ರೆ ಓಡಿ ಹೋಗ್ತಾರೆ.

[10:03] ರಾಘು: ಸರಿ, ಕೈಂಡ್ ಆಫ್ ಬ್ಲೂ ಮೊದಲು ಹಾಕೋಣ. ಯಾವ ಪ್ರತಿ ಆದ್ರೂ ಆಗತ್ತಾ?

[10:10] ಇಮ್ರಾನ್: ಇಲ್ಲ, ಅದರಲ್ಲೊಂದು ಎಡವಟ್ಟಿದೆ. ಮಾರ್ಚ್ 2ರ ಸೆಷನ್ ದಿನ ಕೊಲಂಬಿಯಾ ಸ್ಟುಡಿಯೋದಲ್ಲಿ ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನಕ್ಕೆ ಓಡ್ತಿತ್ತು. ನಿಧಾನದಲ್ಲಿ ತುಂಬಿಸಿದ್ದನ್ನ ಸರಿಯಾದ ವೇಗದಲ್ಲಿ ಬಿಟ್ರೆ ಶ್ರುತಿ ಏರತ್ತೆ. ಅದಕ್ಕೇ ಹಳೇ ಎಲ್‌ಪಿಗಳಲ್ಲಿ ಮೊದಲ ಬದಿಯ ಮೂರೂ ಹಾಡು (ಸೋ ವಾಟ್, ಫ್ರೆಡ್ಡಿ ಫ್ರೀಲೋಡರ್, ಬ್ಲೂ ಇನ್ ಗ್ರೀನ್) ಏರು ಶ್ರುತಿ. ಪೂರ್ತಿ ಒಂದು ಸ್ವರಸ್ಥಾನ ಅಲ್ಲ, ಅದರ ಅರ್ಧದ ಆಸುಪಾಸು. ಎರಡನೇ ಬದಿ ಸರಿಯಿದೆ, ಅದು ಏಪ್ರಿಲ್‌ನದ್ದು. 1992ರಲ್ಲಿ ಜೊತೆಗೆ ಓಡಿಸಿದ್ದ ಇನ್ನೊಂದು ಯಂತ್ರದ ಟೇಪ್ ತೆಗೆದು ಸರಿ ಮಾಡಿದ್ರು.
ನೋಡೋದು ಸುಲಭ. ಫೋನಿನಲ್ಲಿ ಟ್ಯೂನರ್ ಹಾಕ್ಕೊಂಡು ಸೋ ವಾಟ್ ಬೇಸ್ ಕೇಳಿ. ಡಿ ಸರಿಯಾಗಿ ಕೂತ್ರೆ ತಿದ್ದಿದ ಪ್ರತಿ. ಡಿಗೂ ಡಿ ಶಾರ್ಪ್‌ಗೂ ನಡುವೆ ತೂಗಾಡಿದ್ರೆ ಮೊದಲು ಎರಡನೇ ಬದಿನೂ ಅಳೀರಿ. ಎರಡೂ ಏರಿದ್ರೆ ತಪ್ಪು ನಿಮ್ಮ ಟರ್ನ್‌ಟೇಬಲ್‌ದು, ಬೆಲ್ಟ್ ನೋಡಿ.

[10:12] ಬಸವರಾಜ: ಅಂದ್ರ 33 ವರ್ಷ ಆ ರೆಕಾರ್ಡ್ ಜೋಡಿ ಕೂತು ಬಾರಸಿದಾವರೆಲ್ಲಾ ವಾದ್ಯ ಏರಿಸಿಗೊಂಡು ಕೂತಿರಬೇಕು 😂

[10:15] ಸುಮನಾ: ಸಿತಾರ್ ಎಲ್ಲಿಂದ ಬಂತು ಅಂತ ಯಾರೂ ಕೇಳ್ಲಿಲ್ಲ. ‘ಇಂಡಿಯಾ’ 1961ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ನುಡಿಸಿದ್ದು, ‘ಇಂಪ್ರೆಶನ್ಸ್’ ಆಲ್ಬಂನಲ್ಲಿ 1963ಕ್ಕೆ ಬಂತು. ಅದರಲ್ಲಿರುವುದು ಕೋಲ್ಟ್ರೇನ್‌ನ ಸೊಪ್ರಾನೊ ಸ್ಯಾಕ್ಸೊಫೋನ್, ಎರಿಕ್ ಡಾಲ್ಫಿಯ ಬೇಸ್ ಕ್ಲಾರಿನೆಟ್, ಮತ್ತೆ ಎರಡು ಬೇಸ್. ಜಿ ಸ್ವರ ತಂಬೂರಿ ಹಾಗೆ ಕೆಳಗೆ ನಿಲ್ತದೆ. ಸಿತಾರ್ ಇಲ್ಲ. ರವಿಶಂಕರ್ ಸಂಗೀತದ ಮೇಲೆ ಅವನಿಗೆ ಗೌರವ ಇದ್ದದ್ದು ಹೌದು, 1965ರಲ್ಲಿ ಹುಟ್ಟಿದ ಮಗನಿಗೆ ರವಿ ಅಂತಲೇ ಹೆಸರಿಟ್ಟ. ಆ ಗೌರವವನ್ನ ಯಾರೋ ಜುಗಲ್‌ಬಂದಿ ಮಾಡಿಬಿಟ್ಟಿದ್ದಾರೆ.

[10:17] ರಾಘು: ಹಾಗಾದ್ರೆ ನಮ್ ಕದ್ರಿ ಗೋಪಾಲನಾಥ್‌ನ ‘ಭಾರತದ ಕೋಲ್ಟ್ರೇನ್’ ಅನ್ನಬಹುದಲ್ವಾ?

[10:22] ಸುಮನಾ: ಆಗ್ಲಿಕ್ಕಿಲ್ಲ ಮಾರಾಯ. ವಾದ್ಯ ಸ್ಯಾಕ್ಸೊಫೋನ್ ಅಂತ ಬಿಟ್ರೆ ಕೆಲಸವೇ ಬೇರೆ. ಕೋಲ್ಟ್ರೇನ್ ಟೆನರ್, ಸೊಪ್ರಾನೊ, ಕದ್ರಿಯವರದ್ದು ಆಲ್ಟೊ. ಕೋಲ್ಟ್ರೇನ್ ಷಡ್ಜ ಓಡಿಸ್ತಾನೆ, ಕದ್ರಿಯವರು ಷಡ್ಜ ನಿಲ್ಲಿಸಿ, ಕೀಲಿ ಕೀಲಿಯಾಗಿ ಮುರಿಯುವ ವಾದ್ಯದಲ್ಲಿ ಗಮಕ ಜಾರಿಸಿದ್ರು. ಜಾಝ್ ನಂಟು ಬೇಕಾದ್ರೆ ಬೇರೆ ಉಂಟು. 1980ರಲ್ಲಿ ಬೊಂಬಾಯಿಯ ಜಾಝ್ ಯಾತ್ರಾದಲ್ಲಿ ಜಾನ್ ಹ್ಯಾಂಡಿ ಜೊತೆ ನುಡಿಸಿದ್ರು. 2008ರಲ್ಲಿ ರುದ್ರೇಶ್ ಮಹಾಂತಪ್ಪ ಜೊತೆ ‘ಕಿನ್ಸ್‌ಮೆನ್’ ಬಂತು, ಎರಡು ಆಲ್ಟೊ ಎದುರುಬದುರು. ಅದನ್ನ ಪಟ್ಟಿಗೆ ಹಾಕು, ಹೋಲಿಕೆ ಬೇಡ.

[10:26] ರಾಘು: ಎ ಲವ್ ಸುಪ್ರೀಮ್ ಒಂದೇ ಸಂಜೆ ಅನ್ನೋದೂ ಸುಳ್ಳಾ?

[10:35] ಸುಮನಾ: ಅದೊಂದು ಹೆಚ್ಚುಕಡಿಮೆ ನಿಜ. 1964ರ ಡಿಸೆಂಬರ್ 9, ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್, ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋ. ನಾಲ್ಕು ಭಾಗ, ಒಟ್ಟು 33 ನಿಮಿಷ. ಮರುದಿನ ಆರ್ಚಿ ಶೆಪ್, ಆರ್ಟ್ ಡೇವಿಸ್ ಅವರನ್ನೂ ಸೇರಿಸಿ ಆರು ಜನ ಮೊದಲ ಭಾಗವನ್ನ ಮತ್ತೆ ನುಡಿಸಿದ್ರು, ಆದ್ರೆ ಆಲ್ಬಂಗೆ ತಗೊಂಡದ್ದು ನಾಲ್ಕು ಜನರದ್ದೇ. ‘ಸೃಷ್ಟಿ’ ಒಂದೇ ಸಂಜೆಯದ್ದಲ್ಲ. ತಂಡದ ಉಳಿದ ಮೂವರು, ಮೆಕಾಯ್ ಟೈನರ್, ಜಿಮ್ಮಿ ಗ್ಯಾರಿಸನ್, ಎಲ್ವಿನ್ ಜೋನ್ಸ್, ಅವನ ಜೊತೆ ವರ್ಷಗಟ್ಟಲೆ ದಿನಾ ರಾತ್ರಿ ನುಡಿಸಿ ಹದವಾದವರು. ಫ್ಲಾನಗನ್‌ಗೆ ಸಿಗದೇ ಇದ್ದದ್ದು ಅದೇ.
ಕೊನೆಯ ಭಾಗ ‘ಸಾಮ್’ ಕೇಳುವಾಗ ಎಲ್‌ಪಿ ಹೊದಿಕೆಯ ಒಳಗೆ ಅಚ್ಚಾದ ಅವನ ಕವಿತೆ ಎದುರಿಗಿಟ್ಟುಕೊಳ್ಳಿ. ತಾಳ ಇಲ್ಲ, ಸ್ಯಾಕ್ಸೊಫೋನ್ ಆ ಪದಗಳನ್ನೇ ಅಕ್ಷರ ಅಕ್ಷರವಾಗಿ ಓದ್ತದೆ. ‘ಥ್ಯಾಂಕ್ ಯೂ ಗಾಡ್’ ಬಂದಲ್ಲೆಲ್ಲ ಸ್ವರ ಕೆಳಗಿಳಿದು ಷಡ್ಜಕ್ಕೆ ಬಂದು ನಿಲ್ತದೆ. ಸಾಲು ತಪ್ಪಿಹೋದ್ರೆ ಆ ಜಾಗದಲ್ಲಿ ಮತ್ತೆ ಹಿಡೀಬಹುದು.

[10:38] ವಿದ್ಯಾ: ಮೊದಲ ಭಾಗದಲ್ಲಿ ಬೇಸಿನ ನಾಲ್ಕು ಸ್ವರವೂ ಗಮನಿಸಿ: ಸ ಗ ಸ ಮ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ. ಕೊನೆ ಹೊತ್ತಿಗೆ ಕೋಲ್ಟ್ರೇನ್ ಅದನ್ನ ಹನ್ನೆರಡೂ ಶ್ರುತಿಗೆ ಎತ್ತಿಕೊಂಡು ಹೋಗ್ತಾನೆ. ಜೈಂಟ್ ಸ್ಟೆಪ್ಸ್‌ನ ಅಲೆದಾಟ ಇಲ್ಲೂ ಇದೆ, ಆದ್ರೆ ಕೆಳಗೆ ಬೇಸ್ ಒಂದೇ ಕಡೆ ನಿಂತಿರುತ್ತೆ. ಅದಕ್ಕೇ ಯಾರೂ ಎಡವಲ್ಲ.

[10:41] ಇಮ್ರಾನ್: ಅಸೆನ್ಷನ್ ಬಗ್ಗೆ ಒಂದೇ ಮಾತು. 1965ರ ಜೂನ್ 28, 11 ಜನ, ಎರಡು ಟೇಕ್. ಮೊದಲು ಅಂಗಡಿಗೆ ಬಂದ ಎಲ್‌ಪಿ ಒಂದು ಟೇಕ್, ಆಮೇಲೆ ಸದ್ದಿಲ್ಲದೆ ಇನ್ನೊಂದನ್ನ ಹಾಕಿದ್ರು. ಹೊದಿಕೆ ಅದೇ, ನಂಬರ್ ಅದೇ. ಕೊಳ್ಳೋರು ಲೇಬಲ್ ಪಕ್ಕದ ನುಣುಪು ಜಾಗದಲ್ಲಿ ‘ಎಡಿಷನ್ ಟೂ’ ಅಂತ ಗೀಚಿದೆಯಾ ನೋಡ್ಬೇಕು. ಕಿವಿಯಲ್ಲೇ ಹಿಡಿಯೋದಾದ್ರೆ, ಕೊನೇಲಿ ಎಲ್ವಿನ್ ಜೋನ್ಸ್ ಡ್ರಮ್ ಸೋಲೋ ಇದ್ರೆ ಮೊದಲನೇದು. ಹೊಸಬರಿಗೆ ಎರಡೂ ಬೇಡ.

[10:44] ರಾಘು: ಆಯ್ತು, ತಿದ್ದಿ ಮತ್ತೆ ಹಾಕ್ತೀನಿ. 1) ಕೈಂಡ್ ಆಫ್ ಬ್ಲೂ, 1992ರ ನಂತರದ ಪ್ರತಿ. 2) ಬ್ಲೂ ಟ್ರೇನ್, 1957. 3) ಎ ಲವ್ ಸುಪ್ರೀಮ್. 4) ಇಂಡಿಯಾ, ಸಿತಾರ್ ತೆಗೆದಿದೀನಿ. 5) ಜೈಂಟ್ ಸ್ಟೆಪ್ಸ್, ‘ಕೈಚೆಲ್ಲಿ’ ತೆಗೆದಿದೀನಿ. ಬಸು, ಸಮಾಧಾನನಾ?

[10:47] ಬಸವರಾಜ: ಇಲ್ಲ. ಆರನೇದು ಹಾಕು. ಟಾಮಿ ಫ್ಲಾನಗನ್, 1982. ಬೇಸಿಗೆ ಜಾರ್ಜ್ ಮ್ರಾಜ್, ಡ್ರಮ್ಮಿಗೆ ಆಲ್ ಫಾಸ್ಟರ್. ಆಲ್ಬಂ ಹೆಸರು ಜೈಂಟ್ ಸ್ಟೆಪ್ಸ್, ಕೋಲ್ಟ್ರೇನ್ ನೆನಪಿಗೆ ಅಂತ. 23 ವರ್ಷ ಬಿಟ್ಟು ಅದ ಹಾಡಿಗೆ ಮತ್ತ ಕೂತಾನ, ಈ ಸಲ ಒಂದೂ ಖಾಲಿ ಜಾಗ ಇಲ್ಲ.

[10:48] ರಾಘು: ಅದು ಕೋಲ್ಟ್ರೇನ್ ರೆಕಾರ್ಡ್ ಅಲ್ವಲ್ಲೋ.

[10:48] ಬಸವರಾಜ: ನಿನ್ನ ಒಂದನೇ ನಂಬರೂ ಅಲ್ಲ.